ಎಡಗಡೆಯ ಎರಡನೇ ತೂತು

ನಾನು ಒಂದು ಸೈಕಲ್ಲು. ಎಪ್ಪತ್ತೆಂಟನೇ ಇಸವಿಯಲ್ಲಿ ಇಟಲಿಯಲ್ಲಿ ಹುಟ್ಟಿದೆ. ಉಕ್ಕಿನ ಕೊಳವೆಗಳನ್ನು ಬೆಸೆದು, ತಿಳಿನೀಲಿ ಬಣ್ಣ ಬಳಿದು, ಥಳಥಳ ಹೊಳೆಯುವ ಸಾಮಾನು ತೊಡಿಸಿದರು. ಜಂಬವೇನು ಕಮ್ಮಿ ಇರಲಿಲ್ಲ ಬಿಡಿ!

ಬಾಗಲಕೋಟೆಯ ಕಾರ್ಖಾನೆಗೆ ಬಂದ ಎಂಜಿನಿಯರ್ ಸಾಹೇಬನೊಬ್ಬನ ಜೊತೆ ಹಡಗೇರಿ ಬಂದೆ. ಒಂದು ಬೆಳಗ್ಗೆ ಹಾಲಿನ ಕ್ಯಾನು ನೇತುಹಾಕಿದ ಭಾರದ ಸೈಕಲ್ಲಿನಲ್ಲಿ ಹುಡುಗಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋಗಿಯೇಬಿಟ್ಟಳು! ನಾನು ಕಕ್ಕಾಬಿಕ್ಕಿ. ಅವಳೇ ಬೌರವ್ವ. ಊರಿಗೆ ಮರಳುವಾಗ ಸಾಹೇಬ ನನ್ನನ್ನು ಅವಳಿಗೇ ಕೊಟ್ಟುಹೋದ.

ಇಬ್ಬರೂ ಸೇರಿ ರೇಸು ಗೆದ್ದೆವು. ಆಮೇಲೊಂದು ಇಳಿಜಾರಿನಲ್ಲಿ ಧಡಾರನೆ ಬಿದ್ದೆವು. ಅವಳ ಎಡ ಮೊಣಕಾಲು ಮತ್ತೆಂದೂ ಪೂರ್ತಿ ಮಡಚಲಿಲ್ಲ. ಅವಳು ಯಾರಿಗೂ ಹೇಳದೆ ನನ್ನನ್ನು ಲೇತ್ ಅಂಗಡಿಗೆ ಒಯ್ದು, ಎಡ ಪೆಡಲನ್ನು ಹಿಡಿದಿರುವ ಅಲ್ಯೂಮಿನಿಯಂ ತೋಳಿಗೆ, ಅಂದರೆ ಕ್ರ್ಯಾಂಕಿಗೆ, ನಡು ಅಚ್ಚಿನ ಕಡೆಗೆ ಸರಿಸಿ ಇನ್ನೊಂದು ತೂತು ಹಾಕಿಸಿದಳು. ಇಟಲಿಯ ಮೈಗೆ ಡ್ರಿಲ್ಲೇ! ಜೀವ ಬಾಯಿಗೆ ಬಂತು. ಆದರೆ ಪೆಡಲು ಅಲ್ಲಿಗೆ ಸರಿದಾಗ ಕಾಲು ಸಣ್ಣ ಸುತ್ತು ತಿರುಗಿತು, ಮೊಣಕಾಲೂ ಒಪ್ಪಿತು. ಆಮೇಲೆ ವಿಜಯಪುರದಲ್ಲಿ ಟೀಚರಾಗಿ ನೆಲೆಸಿ, ವರ್ಷಗಟ್ಟಲೆ ಶಾಲೆಗೆ ನನ್ನ ಮೇಲೇ ಹೋಗಿ ಬಂದಳು.

ನನಗೆ ತುಕ್ಕು ಹಿಡಿಯಿತು, ಅವಳ ಮೊಣಕಾಲಿಗೆ ಆಪರೇಷನ್ ನಿಗದಿಯಾಯಿತು. ಅಣ್ಣನ ಮಗ ಚಿದಾನಂದನನ್ನು ಕರೆದಳು. ಅವನಿಗೆ ಹಳೇ ಸೈಕಲ್ಲುಗಳ ಹುಚ್ಚು.

“ಆಪರೇಷನ್ ಆದ್ಮ್ಯಾಲ ಸೈಕಲ್ ಮುಟ್ಟಬ್ಯಾಡ್ರಿ ಅಂದಾರ ಡಾಕ್ಟರು. ಅದಕ್ಕೂ ಮದಲ ಒಮ್ಮೆರೆ ಇಬ್ರಾಹಿಂ ರೋಜಾ ಗುಮ್ಮಟದ ತನಕ ಹೋಗಿ ಬರಬೇಕಪಾ. ಟೈರ್ ಹಾಕಿ ಕೊಡು, ಸಾಕು.”

“ಬರೇ ಟೈರ? ಅತ್ತಿ, ಇದು ಹುಟ್ಟಿದಾಗ ಹೆಂಗಿತ್ತೋ ಹಂಗಽ ಮಾಡಿ ಕೊಡ್ತೀನಿ!”

ಅಬ್ಬಬ್ಬಾ, ಆ ಹುಡುಗನ ಹಟವೇ! ಬ್ರೇಕು, ಸೀಟು, ಹ್ಯಾಂಡಲ್ಲಿನ ಪಟ್ಟಿ, ಎಲ್ಲವೂ ಎಪ್ಪತ್ತೆಂಟರದ್ದೇ ಆಗಬೇಕು. ಎಂಬತ್ತೆರಡರ ಗೇರು ಬಂದರೆ ಮುಖ ಸಿಂಡರಿಸಿ ವಾಪಸ್ ಕಳಿಸಿದ. ಕೊನೆಗೆ ಕಣ್ಣು ಎಡ ಕ್ರ್ಯಾಂಕಿನ ಮೇಲೆ ಬಿತ್ತು.

“ಯಾವ ತಲಿಕೆಟ್ಟಾವ ಇದಕ್ಕ ತೂತು ಹೊಡದಾನ!”

ಬಿಚ್ಚಿ ಗುಜರಿಗೆ ಎಸೆದ. ನಾನು ಹೌಹಾರಿದೆ. ಬೇಡವೋ ಅಂತ ಕೂಗಿಕೊಂಡೆ. ಸೈಕಲ್ಲಿನ ಮಾತು ಯಾರಿಗೆ ಕೇಳುತ್ತದೆ? ಮಿಲಾನ್‌ನಿಂದ ಹತ್ತಿಯಲ್ಲಿ ಸುತ್ತಿದ ಹೊಸ ಕ್ರ್ಯಾಂಕು ಬಂತು. ಅದೂ ಎಪ್ಪತ್ತೆಂಟರದ್ದೇ, ಒಂದು ಗೀರೂ ಇಲ್ಲ. ಕೈಗವಸು ಹಾಕಿಕೊಂಡು ಕೂರಿಸಿದ.

ಆಪರೇಷನ್ನಿನ ಹಿಂದಿನ ದಿನ ಬೌರವ್ವ ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹತ್ತಿದಳು. ಎಡ ಪೆಡಲು ಮೇಲೆ ಬರುತ್ತಲೇ ಮೊಣಕಾಲು ಸಿಕ್ಕಿಬಿತ್ತು. ಇನ್ನೊಮ್ಮೆ ತುಳಿದಳು. ಊಹೂಂ. ಬಗ್ಗಿ ನೋಡಿದಳು. ಹೊಸ ಕ್ರ್ಯಾಂಕಿನ ಮೇಲೆ ಬೆರಳಾಡಿಸಿದಳು.

“ಚಿದ್ಯಾ, ಇಲ್ಲೊಂದು ತೂತಿತ್ತಲ್ಲೋ? ಅದನ್ನ ನಾನಽ ಹಾಕಿಸಿದ್ದೆ. ಈ ಕಾಲಿನ ಸಲುವಾಗಿ.”

ಚಿದಾನಂದ ತಕ್ಷಣ ಗುಜರಿಯವನಿಗೆ ಫೋನು ಮಾಡಿದ. ಮಾಲು ಆಗಲೇ ಕರಗಿಸಲು ಹೋಗಿತ್ತು. ಮಿಲಾನಿನ ಕ್ರ್ಯಾಂಕು ಬಿಚ್ಚಿದ, ಅದನ್ನೂ ನನ್ನನ್ನೂ ಲೇತ್ ಅಂಗಡಿಗೆ ಒಯ್ದ.

“ಇಷ್ಟು ಚೊಲೋ ಸಾಮಾನು ಹಾಳ ಮಾಡಿಸ್ತೀರೇನ್ರೀ?” ಎಂದ ಲೇತಿನವನು.

“ಹೊಡೀರಿ ಅಂದೆನಲ್ಲ!” ಎಂದ ಚಿದಾನಂದ, ಕಣ್ಣು ಮುಚ್ಚಿಕೊಂಡು.

ನಾನು ಮುಚ್ಚಲಿಲ್ಲ. ಬೆಳ್ಳಗಿನ ಸುರುಳಿ ಸುರುಳಿ ಚೂರುಗಳು ಉದುರುವುದನ್ನು ಖುಷಿಯಿಂದಲೇ ನೋಡಿದೆ.

ಈಗ ಅವಳ ಪಡಸಾಲೆಯಲ್ಲಿ ಗೋಡೆಗೊರಗಿ ನಿಂತಿದ್ದೇನೆ. ಹಳೇ ಸೈಕಲ್ಲು ಬಲ್ಲವರು ಬಂದು ಆ ತೂತಿಗಾಗಿ ಹಳಹಳಿಸುತ್ತಾರೆ. ಹಳಹಳಿಸಲಿ, ತೂತು ಹಾಕಿಸಿದ ಆ ಸಂಜೆ ಅವರು ಇರಲಿಲ್ಲ. ಮೊಣಕಾಲು ಸಲೀಸಾಗಿ ಸುತ್ತು ತಿರುಗಿತು. “ಅತ್ತಿ, ಸಾವಕಾಶ!” ಎನ್ನುತ್ತ ಚಿದಾನಂದ ಹಿಂದೆ ಓಡಿಬಂದ. “ಹಿಡಿ ನೋಡೂಣು!” ಎಂದಳು ಬೌರವ್ವ. ಇಬ್ರಾಹಿಂ ರೋಜಾ ಬಂತು. ಅವಳು ಬ್ರೇಕೇ ಹಿಡಿಯಲಿಲ್ಲ, ಅದನ್ನೂ ದಾಟಿ ಮುಂದೆ ಹೋದೆವು.