ಮೂರು ಕೆ.ಜಿ. ಎಲ್ಲಿ ಹೋಯ್ತು?

ಅಡುಗೆಮನೆಯ ಗೋಡೆಯಿಂದ ಏಳು ಟೈಲ್ಸ್ ಬಿದ್ದಿದ್ದವು. ನಿನ್ನೆ ಸಂಜೆ ಹೀರೋ ಥರ ಎದೆ ಸೆಟೆಸಿ ನಿಂತಿದ್ದಂಥವು ಬೆಳಗಾಗುವಷ್ಟರಲ್ಲಿ ಫೈಟ್ ಸೀನ್ ಮುಗಿದ ಮೇಲಿನ ರೌಡಿಗಳ ಹಾಗೆ ನೆಲದಲ್ಲಿ ಬೋರಲಾಗಿದ್ದವು. ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟ. ಇಪ್ಪತ್ತು ವರ್ಷದಿಂದ ಟೈಲ್ಸ್ ಕೆಲಸ ಒಪ್ಪಿಕೊಂಡು ಮಾಡಿಸುತ್ತಿದ್ದಾನೆ. ಅವನ ಗೋಡೆ ಹೀಗೆ ಕೈಕೊಟ್ಟಿದ್ದು ಇದೇ ಮೊದಲು.

ಉಳಿದ ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಅರ್ಧ ಗೋಡೆ ಟೊಳ್ಳು ಸದ್ದು ಮಾಡಿತು. ಬಿದ್ದದ್ದರ ಬೆನ್ನು ಕೆರೆದ. ಅಂಟು ಪುಡಿ, ಅಂದರೆ ಕೆಲಸದವರೆಲ್ಲ ಗಮ್ ಅನ್ನುವುದು, ಹಳೇ ಸುಣ್ಣದ ಹಾಗೆ ಉದುರಿತು.

"ಎಕ್ಸ್‌ಪ್ರೆಸ್, ಬಾ ಇಲ್ಲಿ."

ಎಕ್ಸ್‌ಪ್ರೆಸ್ ಅಂದರೆ ಅವನ ಹೆಂಡತಿಯ ತಮ್ಮ. ಒಂದು ಟೈಲ್ಸನ್ನು ಮೂರು ಸಲ ಅಳೆದು, ಒಂದು ಸಲ ಯೋಚನೆ ಮಾಡಿ, ಆಮೇಲೆ ಕೂರಿಸುವವನು. ಅದಕ್ಕೇ ಆ ಹೆಸರು. ಎಂಟು ವರ್ಷದಿಂದ ಮೇಸ್ತ್ರಿಯ ಬಲಗೈ.

"ಏನ್ ಭಾವ?"

"ಅಡುಗೆಮನೆ, ಬಚ್ಚಲು ಎರಡಕ್ಕೂ ಸೇರಿ ಹತ್ತು ಮೂಟೆ ಗಮ್ ಕೊಟ್ಟಿದ್ದೆ. ಹತ್ತು ಅಂದ್ರೆ ಹತ್ತು, ನನ್ನ ಲೆಕ್ಕ ಯಾವತ್ತೂ ತಪ್ಪಿಲ್ಲ. ಬಚ್ಚಲಲ್ಲಿ ಒಂದು ಗೋಡೆ ಪೂರ್ತಿ ಬಾಕಿ ಇದೆ, ನೀನು ಖಾಲಿ ಅಂತೀಯ. ಈ ಕಡೆ ಹಾಕಿದ್ದು ಉದುರ್ತಿದೆ."

"ನಂಗೂ ಅರ್ಥ ಆಗ್ತಿಲ್ಲ ಭಾವ."

"ನಂಗೆ ಅರ್ಥ ಆಗಿದೆ. ಎರಡು ಮೂಟೆ ಬೇರೆ ಎಲ್ಲೋ ಇಳಿಸಿದ್ದೀಯ. ಮಿಕ್ಕಿದ್ದಕ್ಕೆ ನೀರು ಕುಡಿಸಿ ಗೋಡೆಗೆ ಮೆತ್ತಿದ್ದೀಯ. ಕಥೆ, ಚಿತ್ರಕಥೆ ಎರಡೂ ಗೊತ್ತಾಯ್ತು. ನಾಳೆಯಿಂದ ಬರ್ಬೇಡ. ನಿಮ್ಮಕ್ಕಂಗೆ ನಾನೇ ಹೇಳ್ಕೋತೀನಿ."

ಎಕ್ಸ್‌ಪ್ರೆಸ್ ಜಗಳ ಆಡಿದ್ದರೆ ಮೇಸ್ತ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಮಾತ್ರ ಕೂತು, ಕರಣೆಯನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕತೊಡಗಿದ. ಅದನ್ನೂ ನಿಧಾನವಾಗಿಯೇ.

ಪಕ್ಕದ ಹಾಲಿನಲ್ಲಿ ಏಣಿ ಕಿರುಗುಟ್ಟಿತು. ಆ ಮನೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಅಕ್ಕ ಇಳಿದು ಬಂದಳು, ಮೂಗಿನ ತುದಿಯಲ್ಲಿ ಒಂದು ಬಿಳಿ ಚುಕ್ಕೆ.

"ತೀರ್ಪು ಕೊಟ್ಟಾಯ್ತಾ ಮೇಸ್ತ್ರಿ? ಸಾಕ್ಷಿ ವಿಚಾರಣೆ ಏನೂ ಇಲ್ವಾ ನಿಮ್ಮ ಕೋರ್ಟಲ್ಲಿ?"

"ಇದು ಮನೆ ವಿಷಯ ಅಕ್ಕ."

"ಗೋಡೆಗೆ ಕೇಳೋ ಹಂಗೆ ಮಾತಾಡಿದ್ರೆ ಪೇಂಟರ್‌ಗೂ ಕೇಳ್ಸುತ್ತೆ. ನಿಮ್ಮ ಮೂಟೆ ಎಷ್ಟು ಕೆ.ಜಿ.?"

"ಇಪ್ಪತ್ತು. ನಾನು ಮೇಸ್ತ್ರಿ ಆದಾಗಿಂದ ಇಪ್ಪತ್ತು."

"ಕಡೇ ಸಲ ಓದಿದ್ದು ಯಾವಾಗ?"

"ಮೂಟೆ ಓದೋಕೆ ಅದೇನು ಪೇಪರ್ರಾ ಅಕ್ಕ? ಅದೇ ಕಂಪನಿ, ಅದೇ ಬಣ್ಣ, ಅದೇ ರೇಟು."

ಅಕ್ಕ ಎಕ್ಸ್‌ಪ್ರೆಸ್ ಕಡೆ ತಿರುಗಿದಳು. "ಖಾಲಿ ಚೀಲ ಎಲ್ಲಿಟ್ಟಿದ್ದೀಯಪ್ಪಾ?"

ಮೊಣಕಾಲೂರಿ ಕೆಲಸ ಮಾಡುವಾಗ ನೋಯಬಾರದೆಂದು ಅವನು ಖಾಲಿ ಚೀಲಗಳನ್ನು ಮಡಿಸಿ ಕಾಲಡಿ ಹಾಕಿಕೊಳ್ಳುತ್ತಿದ್ದ. ಆ ಮೆತ್ತೆಯನ್ನೇ ತಂದು ಬಿಚ್ಚಿದ. ಅಕ್ಕ ಎಣಿಸಿದಳು. ಹನ್ನೊಂದು.

"ಒಂದು ಹೋದ್ ವರ್ಷದ್ದು," ಅಂದ ಎಕ್ಸ್‌ಪ್ರೆಸ್. "ಮೆತ್ತಗಿತ್ತು ಅಂತ ಇಟ್ಕೊಂಡಿದ್ದೆ."

ಹತ್ತು ಮೂಟೆ, ಹತ್ತು ಖಾಲಿ ಚೀಲ. ಎಲ್ಲೂ ಇಳಿದಿರಲಿಲ್ಲ. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಅಕ್ಕ ಹಳೆಯ ಚೀಲವನ್ನೂ ಹೊಸದೊಂದನ್ನೂ ಪಕ್ಕಪಕ್ಕ ಹಾಸಿದಳು. ಅಣ್ಣತಮ್ಮಂದಿರ ಹಾಗೆ ಒಂದೇ ಮುಖ, ಎತ್ತರದಲ್ಲಿ ಎರಡು ಬೆರಳು ವ್ಯತ್ಯಾಸ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರ. ಹಳೆಯದರಲ್ಲಿ ನಿವ್ವಳ ತೂಕ ಇಪ್ಪತ್ತು ಕೆ.ಜಿ. ಹೊಸದರಲ್ಲಿ ಹದಿನೇಳು.

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಹದಿನೇಳು ಹದಿನೇಳಾಗಿಯೇ ಇತ್ತು.

"ಪ್ರಿಂಟ್ ತಪ್ಪಿರಬೇಕು."

ಅಷ್ಟರಲ್ಲಿ ಮನೆಯೊಡತಿ ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬಂದರು. ನೆಲದ ಮೇಲಿನ ಟೈಲ್ಸ್ ನೋಡಿದರು, ಮೂವರ ಮುಖ ನೋಡಿದರು, ಅರ್ಧ ಮಾತಿನಲ್ಲೇ ವಿಷಯ ತಿಳಿದುಕೊಂಡರು. ಕಟ್ಟಿಟ್ಟ ಸಾಮಾನಿನೊಳಗಿಂದ ತೂಕದ ಯಂತ್ರ ಹುಡುಕಿ ತಂದರು. "ಸಂಶಯ ಯಾಕೆ, ತೂಗಿಬಿಡಿ."

ಮೊದಲು ಮೇಸ್ತ್ರಿ ಒಬ್ಬನೇ ಹತ್ತಿದ. ಎಂಬತ್ತೆರಡು.

"ಹೊಟ್ಟೆ ಒಳಗೆಳ್ಕೊಂಡ್ರೆ ತೂಕ ಕಮ್ಮಿ ಆಗಲ್ಲ ಮೇಸ್ತ್ರಿ," ಅಂದರು ನರ್ಸಮ್ಮ.

ಬಚ್ಚಲಿನ ಬಾಕಿ ಗೋಡೆಗೆಂದು ಆ ಬೆಳಿಗ್ಗೆ ತಂದಿದ್ದ, ಇನ್ನೂ ಬಿಚ್ಚದ ಮೂಟೆಯನ್ನು ಅಪ್ಪಿಕೊಂಡು ಮತ್ತೆ ಹತ್ತಿದ. ತೊಂಬತ್ತೊಂಬತ್ತು.

"ಹದಿನೇಳೇ," ಅಂದಳು ಅಕ್ಕ. "ಕಂಪನಿ ಸುಳ್ಳು ಹೇಳಿಲ್ಲ. ಮೆಲ್ಲಗೆ ಹೇಳಿದೆ, ಅಷ್ಟೇ. ನೀವು ಇನ್ನೂರು ಕೆ.ಜಿ. ಅಂದ್ಕೊಂಡು ನೂರ ಎಪ್ಪತ್ತು ತಂದಿದ್ದೀರ. ಮೂವತ್ತು ಕೆ.ಜಿ. ಅಂದ್ರೆ ಹತ್ತತ್ರ ಎರಡು ಮೂಟೆ. ನಿಮ್ಮ ಕಳ್ಳ ಸಿಕ್ಕಿದ್ನಾ?"

"ಮೂಟೆ ಹಗುರ ಅನ್ನಿಸ್ತಿತ್ತು ಭಾವ," ಅಂದ ಎಕ್ಸ್‌ಪ್ರೆಸ್, ತಲೆ ತಗ್ಗಿಸಿಕೊಂಡೇ. "ಜಿಮ್ಮಿಗೆ ಹೋಗ್ದೇನೇ ಬಾಡಿ ಬಂತು ಅಂದ್ಕೊಂಡೆ."

ನರ್ಸಮ್ಮ ನಕ್ಕುಬಿಟ್ಟರು. ಮೇಸ್ತ್ರಿಗೆ ನಗು ಬರಲಿಲ್ಲ. "ಸರಿ, ಕಮ್ಮಿ ಬಿತ್ತು. ಆದ್ರೆ ಟೈಲ್ಸ್ ಯಾಕೆ ಬಿತ್ತು?"

"ನೀರು ಎಷ್ಟು ಹಾಕ್ತೀಯಪ್ಪಾ?" ಅಕ್ಕ ಕೇಳಿದಳು.

"ಬಕೆಟ್ಟಲ್ಲಿ ಭಾವ ಕೆಂಪು ಗೆರೆ ಹಾಕಿಕೊಟ್ಟಿದ್ದಾರೆ. ಒಂದು ಮೂಟೆಗೆ ಆ ಗೆರೆವರೆಗೆ. ಐದು ಲೀಟರ್."

ಅಕ್ಕ ಚೀಲದ ಹಿಂಬದಿ ತಿರುಗಿಸಿ ಓದಿದಳು. "ಈ ಮೂಟೆಗೆ ನಾಲ್ಕೂಕಾಲು ಲೀಟರ್ ಅಂತ ಬರೆದಿದೆ. ಪುಡಿ ಇಳೀತು, ನೀರು ಇಳೀಲಿಲ್ಲ. ಅದಕ್ಕೇ ತೆಳ್ಳಗಾಗಿ ಕೂತಿಲ್ಲ."

ಆ ಗೆರೆ ಎಳೆದದ್ದು ಮೇಸ್ತ್ರಿಯ ಕೈ. ಅದನ್ನು ಮೀರಿದರೆ ಬೈದದ್ದೂ ಮೇಸ್ತ್ರಿಯ ಬಾಯಿ. ಟೈಲ್ಸ್ ಬಿದ್ದದ್ದು ಎಕ್ಸ್‌ಪ್ರೆಸ್ ಮಾತು ಕೇಳದೆ ಅಲ್ಲ, ಅಕ್ಷರಶಃ ಕೇಳಿದ್ದಕ್ಕೆ.

"ನಿಂಗೆ ಇದೆಲ್ಲ ಹೆಂಗೆ ಗೊತ್ತು ಅಕ್ಕ?" ಅಂದ ಮೇಸ್ತ್ರಿ.

ಅಕ್ಕ ಕೈಯ ಬಣ್ಣ ಒರೆಸಿಕೊಂಡಳು. "ನಂದು ಬಣ್ಣದ ಡಬ್ಬಿ. ಇಪ್ಪತ್ತು ಲೀಟರ್ ಹದಿನೆಂಟಾಗಿತ್ತು, ಡಬ್ಬಿ ಮಾತ್ರ ಅಷ್ಟೇ ಎತ್ತರ. ಒಂದು ರೂಮಿಗೆ ಸಾಲಲಿಲ್ಲ. ಆ ಮನೆ ಓನರ್ ನಾನೇ ಕದ್ದೆ ಅಂದ್ರು. ಡಬ್ಬಿ ಎಷ್ಟು ಲೀಟರ್ ಅಂತ ಆವತ್ತು ಯಾರಾದ್ರೂ ಒಬ್ರು ಕೇಳಿದ್ರೆ ಸಾಕಿತ್ತು. ಯಾರೂ ಕೇಳ್ಲಿಲ್ಲ. ಅದಕ್ಕೇ ಇವತ್ತು ಏಣಿ ಇಳಿದು ಬಂದೆ."

ಮೇಸ್ತ್ರಿ ಬಗ್ಗಿ, ಭಾಮೈದನ ಚೀಲದಿಂದ ಕರಣೆಯನ್ನು ತೆಗೆದು ಅವನ ಕೈಗೆ ಕೊಟ್ಟ.

"ತಪ್ಪಾಯ್ತು ಕಣಪ್ಪಾ. ಎಂಟು ವರ್ಷ ಪಕ್ಕದಲ್ಲಿದ್ದವನನ್ನ ಎಂಟು ನಿಮಿಷದಲ್ಲಿ ಕಳ್ಳ ಮಾಡ್ಬಿಟ್ಟೆ. ನಿಮ್ಮಕ್ಕಂಗೂ ಇದನ್ನ ನಾನೇ ಹೇಳ್ತೀನಿ."

"ಅಕ್ಕಂಗೆ ಹೇಳ್ಬೇಡಿ ಭಾವ, ನಿಮಗೇ ಕಷ್ಟ," ಅಂದ ಎಕ್ಸ್‌ಪ್ರೆಸ್. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು.

ಮೇಸ್ತ್ರಿ ನರ್ಸಮ್ಮನ ಮುಂದೆ ಕೈಕಟ್ಟಿ ನಿಂತ. "ಟೊಳ್ಳಿರೋದೆಲ್ಲ ಕಿತ್ತು ಮತ್ತೆ ಹಾಕ್ತೀವಿ ಅಮ್ಮ. ಅದರ ಖರ್ಚು ನಂದು."

"ಅದು ನಿಮ್ಮದು. ಕಮ್ಮಿ ಬಿದ್ದ ಎರಡು ಮೂಟೆ ನಂದು," ಅಂದರು ಅವರು. "ನಾನು ಒಲೆ ಮುಂದೆ ನಿಂತಾಗ ತಲೆ ಮೇಲೆ ಬೀಳದೆ ಈಗ್ಲೇ ಬಿತ್ತಲ್ಲ, ಅಷ್ಟು ಸಾಕು. ಮುಚ್ಚಿಡದೆ ಹೇಳಿದ್ರಲ್ಲ, ಅದಕ್ಕೂ ಥ್ಯಾಂಕ್ಸ್."

"ಥ್ಯಾಂಕ್ಸ್ ಪೇಂಟರ್ ಅಕ್ಕಂಗೆ ಹೇಳಿ," ಅಂದ ಮೇಸ್ತ್ರಿ. "ಇವಳು ಬಾಯಿ ಬಿಡದೆ ಇದ್ದಿದ್ರೆ ನಾನಿವತ್ತು ಗೋಡೆ ಒಂದೇ ಅಲ್ಲ, ಮನೆಯವನನ್ನೂ ಕಳ್ಕೋತಿದ್ದೆ."

"ಡೈಲಾಗ್ ಚೆನ್ನಾಗಿದೆ. ಕೆಲಸಕ್ಕೆ ಹತ್ತಿ," ಅಂದು ಅಕ್ಕ ಏಣಿ ಏರಿದಳು.

ಮರುದಿನ ಸಾಮಾನಿನ ಅಂಗಡಿಯಲ್ಲಿ ಮೇಸ್ತ್ರಿ ಮೂಟೆ ಎಣಿಸಲಿಲ್ಲ. ಭಾಮೈದನನ್ನು ಮುಂದೆ ನಿಲ್ಲಿಸಿ, "ಇವನು ಓದಿ ಹೇಳ್ತಾನೆ, ಎಷ್ಟು ಕೆ.ಜಿ. ಬೇಕು ಅಂತ," ಅಂದ. ಎಕ್ಸ್‌ಪ್ರೆಸ್ ಪ್ರತಿ ಮೂಟೆಯ ಮೂಲೆಯನ್ನೂ ನಿಧಾನವಾಗಿ ಓದಿದ. ಹಿಂದೆ ಸಾಲು ಬೆಳೆಯಿತು. ಕಾಯುತ್ತಿದ್ದ ಬೇರೆ ಮೇಸ್ತ್ರಿಗಳು ಮೊದಲು ಗೊಣಗಿದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮೂಟೆಯನ್ನೂ ತಿರುಗಿಸಿ ನೋಡಿದರು.

ಮನೆ ಕಟ್ಟಿಸುವ ಅಮ್ಮಂದಿರೇ, ಕಟ್ಟುವ ಅಣ್ಣಂದಿರೇ, ನೀವೂ ಒಮ್ಮೆ ತಿರುಗಿಸಿ ನೋಡಿ. ಗಮ್ ಇರಲಿ, ಪುಟ್ಟಿ ಇರಲಿ, ಬಣ್ಣ ಇರಲಿ, ಮೂಟೆ ಡಬ್ಬಿ ಎಣಿಸಬೇಡಿ, ಕೆ.ಜಿ. ಲೀಟರ್ ಕೇಳಿ. ಕೊಟೇಶನ್ನಿನಲ್ಲೂ ಹಾಗೇ ಬರೆಯಿರಿ. ರೇಟು ಅದೇ ಇದ್ದರೂ ಮಾಲು ಅಷ್ಟೇ ಇದೆಯಾ ನೋಡಿ. ನೀರಿನ ಅಳತೆಯನ್ನು ಪ್ರತಿ ಸಲ ಚೀಲದ ಮೇಲೆ ಓದಿ. ಬರೆದ ತೂಕಕ್ಕಿಂತ ಕಮ್ಮಿ ಬಂದರೆ ಬಿಲ್ ಹಿಡಿದು ತೂಕ-ಅಳತೆ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಡಿ. ಸಾಮಾನು ಸಾಲದೇ ಹೋದಾಗ ಪಕ್ಕದಲ್ಲಿ ದುಡಿಯುವವರ ಕಡೆ ಬೆರಳು ತೋರಿಸುವ ಮುಂಚೆ, ಅದೇ ಬೆರಳನ್ನು ಆ ಸಣ್ಣ ಅಕ್ಷರದ ಮೇಲಿಟ್ಟು ಒಂದು ಸಲ ಓದಿಬಿಡಿ.