ಹತ್ತು ನಿಮಿಷ, ಸಿಸ್ಟರ್

ಆ ಸೋಮವಾರ ಬೆಳಿಗ್ಗೆ ಅನ್ನಾ ಮೂರನೆಯ ರೋಗಿಯ ತೋಳಿಗೆ ಸೂಜಿ ಹಾಕಲು ಬಗ್ಗಿದ್ದಳು. ಅಷ್ಟರಲ್ಲಿ ಗೋಡೆಯಾಚೆ ಡ್ರಿಲ್ಲು ಕಿರುಚತೊಡಗಿತು. ಡಯಾಲಿಸಿಸ್ ಸೂಜಿ ದಪ್ಪ, ಕೈ ಒಂದಿಷ್ಟು ನಡುಗಿದರೂ ರಕ್ತನಾಳ ಸಿಗುವುದಿಲ್ಲ. ಕುರ್ಚಿಗೊರಗಿದ್ದ ಮುದುಕಿ ಉಮ್ಮು ಫಹದ್ ಕಣ್ಣು ಮುಚ್ಚಿಕೊಂಡೇ, "ತಲೆ ಒಡೆಯುತ್ತಿದೆ, ಅದನ್ನು ನಿಲ್ಲಿಸಲು ಹೇಳು ಮಗಳೇ" ಎಂದು ಅರಬಿಯಲ್ಲಿ ಗೊಣಗಿದಳು.

ಸೂಜಿ ಹಾಕಿ, ಟೇಪು ಅಂಟಿಸಿ, ಯಂತ್ರ ಸರಿಯಾಗಿ ತಿರುಗುತ್ತಿರುವುದನ್ನು ನೋಡಿಕೊಂಡು ಅನ್ನಾ ಹೊರಬಂದಳು. ಅವಳ ತಲೆಯೂ ಸಿಡಿಯುತ್ತಿತ್ತು. ಜಿದ್ದಾದ ಈ ಖಾಸಗಿ ಕೇಂದ್ರದಲ್ಲಿ ನರ್ಸಾಗಿ ಅವಳಿಗೆ ಹನ್ನೆರಡು ವರ್ಷ. ಕಳೆದ ಒಂದು ವರ್ಷದಿಂದ ಶುಕ್ರವಾರದ ರಜೆಯನ್ನೂ ಬಿಟ್ಟು ಓವರ್‌ಟೈಮ್ ಮಾಡುತ್ತಿದ್ದಳು. ಗಂಡ ನೊರ್ಬರ್ಟ್ ಅಡುಗೆಮನೆಯ ಕಪಾಟುಗಳನ್ನು ಮಾರುವ ದೊಡ್ಡ ಶೋರೂಮಿನ ಮ್ಯಾನೇಜರು. "ವ್ಯಾಪಾರ ಸ್ವಲ್ಪ ತಣ್ಣಗುಂಟು, ಸರಿಯಾಗ್ತದೆ" ಎಂದು ಅವನು ಹೇಳುತ್ತಲೇ ಬಂದಿದ್ದ. ವ್ಯಾಪಾರ ತಣ್ಣಗಾದರೂ ಅವನ ಖರ್ಚು ತಣ್ಣಗಾಗಿರಲಿಲ್ಲ. ಮೂರು ಬೆಡ್‌ರೂಮಿನ ಮನೆ ಹಾಗೇ ಇತ್ತು. ಇದ್ದ ಕಾರು ಹೋಗಿ ಇನ್ನೂ ದೊಡ್ಡದು ಕಂತಿನ ಮೇಲೆ ಬಂದಿತ್ತು. ಆ ವಾರದ ಶುಕ್ರವಾರವೇ ಅವರ ಮದುವೆಯ ಇಪ್ಪತ್ತನೇ ವರ್ಷ. ಅದಕ್ಕೆ ಸಮುದ್ರದ ಬದಿಯ ಹೋಟೆಲಿನಲ್ಲಿ ಪಾರ್ಟಿ ಹಾಲ್ ಗೊತ್ತುಮಾಡಿ ಅರವತ್ತು ಜನರನ್ನು ಕರೆದಿದ್ದ.

ನರ್ಸುಗಳ ಕೋಣೆಯಲ್ಲಿ ಹೊಸ ಕಪಾಟು ಕೂರಿಸುತ್ತಿದ್ದರು. ಒಬ್ಬ ಹಲಗೆ ಹಿಡಿದು ನಿಂತಿದ್ದ. ಇನ್ನೊಬ್ಬ ಮೊಣಕಾಲೂರಿ ಕಪಾಟಿನ ಬಾಗಿಲ ಕೀಲಿಗೆ ತೂತು ಕೊರೆಯುತ್ತಿದ್ದ, ಬೆನ್ನು ಈ ಕಡೆ. ಕಂಪನಿಯ ಬೂದು ಅಂಗಿ ಬೆವರಿಗೆ ಅಂಟಿತ್ತು. ಮುಖ ಕಾಣುವ ಮೊದಲೇ ಅನ್ನಾಳಿಗೆ ಆ ಬೆನ್ನಿನ ಗುರುತು ಸಿಕ್ಕಿತು. ಹೌದೋ ಅಲ್ಲವೋ ಎಂದು ನಿಂತಿದ್ದಾಗ ಅವನೇ ತಿರುಗಿದ.

ನೊರ್ಬರ್ಟ್.

ಅವನ ರೆಪ್ಪೆಯ ಮೇಲೆ ಮರದ ಹುಡಿ ಕೂತಿತ್ತು. ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಅವಳ ಹಿಂದೆ ಬಂದು ನಿಂತಿದ್ದ ಡಾಕ್ಟರರ ಕಡೆ ನೋಡಿ ಹಿಂದಿಯಲ್ಲಿ, "ಹತ್ತು ನಿಮಿಷ, ಸಿಸ್ಟರ್. ಮತ್ತೆ ಶಬ್ದ ಇಲ್ಲ" ಎಂದು ಪುನಃ ಗೋಡೆಗೆ ತಿರುಗಿದ.

ಅನ್ನಾ ರೋಗಿಗಳ ಕಡೆಗೆ ಹಿಂತಿರುಗಿದಳು. ಮುಂದಿನ ನಾಲ್ಕು ಗಂಟೆ ಅವಳು ಆರು ಯಂತ್ರಗಳ ನಡುವೆ ಓಡಾಡಿದಳು, ಬಿಪಿ ನೋಡಿದಳು, ಬರೆದಳು. ಗೋಡೆಯಾಚೆ ಗಂಡ ಕೆಲಸ ಮಾಡುತ್ತಿದ್ದ. ಹೇಳಿದಂತೆ ಹತ್ತೇ ನಿಮಿಷಕ್ಕೆ ಡ್ರಿಲ್ಲು ನಿಂತಿತ್ತು.

ಊಟದ ಹೊತ್ತಿಗೆ ಇಣುಕಿದಾಗ ನೊರ್ಬರ್ಟ್ ಇರಲಿಲ್ಲ. ಕೆಲಸಗಾರರ ಮೇಸ್ತ್ರಿ ಒಬ್ಬನೇ ಕೂತು ಕುಬ್ಬೂಸ್ ರೊಟ್ಟಿ ಮುರಿಯುತ್ತಿದ್ದ. ಹೆಸರು ರಾಝಿಕ್, ಊರು ಉಳ್ಳಾಲ. ಮಂಗಳೂರಿನ ಕಡೆಯ ನರ್ಸು ಎಂದು ತಿಳಿದದ್ದೇ ತಡ, ಅವನ ಮುಖ ಅರಳಿತು.

"ನಮ್ಮಲ್ಲೂ ನಿಮ್ಮ ಕಡೆಯವರೊಬ್ಬರು ಇದ್ದಾರೆ ಸಿಸ್ಟರ್, ನೊರ್ಬರ್ಟಣ್ಣ. ಈಗ ಸ್ಕ್ರೂ ತರ್ಲಿಕ್ಕೆ ಹೋದ್ರು."

"ಅವರು ಎಷ್ಟು ಸಮಯದಿಂದ ಈ ಕೆಲಸದಲ್ಲಿದ್ದಾರೆ?"

"ನಮ್ಮೊಟ್ಟಿಗೆ ಹದಿನಾಲ್ಕು ತಿಂಗಳಾಯ್ತು. ಮೊದಲು ಶೋರೂಮಲ್ಲಿ ಮ್ಯಾನೇಜರ್ ಇದ್ದರಂತೆ. ಆ ಪೋಸ್ಟಿಗೆ ಸೌದಿಯವರೇ ಆಗ್ಬೇಕೂಂತ ಆಯ್ತಲ್ಲ, ಇವರನ್ನು ಫ್ಯಾಕ್ಟರಿಗೆ ಹಾಕಿದ್ರು. ಸಂಬಳ ಅರ್ಧ." ರಾಝಿಕ್ ತಲೆಯಾಡಿಸಿದ. "ಕೈ ಮಾತ್ರ ಚಿನ್ನದ ಹಾಗೆ ಸಿಸ್ಟರ್. ಅವರು ಕೂರಿಸಿದ ಬಾಗಿಲು ಒಂದೂ ವಾಪಸ್ ಬಂದದ್ದಿಲ್ಲ. ಆದ್ರೆ ಎಂತ ನಾಚಿಕೆಯೋ ಮಾರಾಯ್ರೆ, ದಿನಾ ಟೈ ಕಟ್ಟಿಕೊಂಡು ಬರ್ತಾರೆ, ಕಾರಲ್ಲೇ ಅಂಗಿ ಬದಲಿಸ್ತಾರೆ."

ಹದಿನಾಲ್ಕು ತಿಂಗಳು. ಪ್ರತಿದಿನ ರಾತ್ರಿ ಅವಳೇ ಆ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಿದ್ದಳು. ನಾಚಿಕೆಯಾಗಬೇಕಾದದ್ದು ಇದಕ್ಕಲ್ಲವೇ ಎಂದು ಅನ್ನಾಳಿಗೆ ಸಿಟ್ಟು ಉಕ್ಕಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಶಿರ್ವದಿಂದ ಈ ಊರಿಗೆ ಅವನು ಬಂದದ್ದೇ ಬಡಗಿಯಾಗಿ. ಮದುವೆಗೆ ಕೇಳಲು ಬಂದಾಗ ಅವಳ ಅಪ್ಪ ಮೊದಲು ನೋಡಿದ್ದೇ ಅವನ ಕೈಯನ್ನು. ಮಗಳು ಶೆರಿಲ್ ಹುಟ್ಟಿದಾಗ ಬಾಡಿಗೆ ಕೋಣೆಯಲ್ಲಿ ಕೂತು, ಒಂದು ಮೊಳೆಯೂ ಇಲ್ಲದೆ ತೊಟ್ಟಿಲು ಮಾಡಿದ್ದ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಮನುಷ್ಯ ಎಲ್ಲಿ ಹೋದ?

ಸಂಜೆ ಆರಕ್ಕೆ ನೊರ್ಬರ್ಟ್ ಮನೆಗೆ ಬಂದ. ಮೈಯಿಂದ ಸೆಂಟಿನ ವಾಸನೆ, ಕೊರಳಲ್ಲಿ ಟೈ.

"ಬೆಳಿಗ್ಗೆ ನನ್ನನ್ನು ಎಂತ ಕರೆದದ್ದು ನೀನು?" ಅನ್ನಾ ಕೇಳಿದಳು.

ಅವನು ಸೋಫಾದಲ್ಲಿ ಕೂತು ಶೂ ಬಿಚ್ಚತೊಡಗಿದ. "ಡಾಕ್ಟರ್ ಅಲ್ಲೇ ಇದ್ದರು. ನಿನ್ನ ಮರ್ಯಾದೆ ಹೋಗುವುದು ಬೇಡ ಅಂತ."

"ಅದನ್ನು ನನ್ನ ಮೇಲೆ ಹಾಕ್ಬೇಡ. ಕೆಲಸ ಮಾಡುವ ಗಂಡನಿಂದ ನನ್ನ ಮರ್ಯಾದೆ ಹೇಗೆ ಹೋಗ್ತದೆ? ಶುಕ್ರವಾರ ಶುಕ್ರವಾರ ನಾನು ಸೂಜಿ ಹಿಡಿದು ನಿಲ್ಲುವುದು ಯಾರ ಮರ್ಯಾದೆಗೆ?"

"ಎರಡು ತಿಂಗಳಲ್ಲಿ ಬೇರೆ ಕಡೆ ಮ್ಯಾನೇಜರ್ ಕೆಲಸ ಸಿಗ್ತದೆ. ಮಾತಾಡಿದ್ದುಂಟು."

"ಹದಿನಾಲ್ಕು ತಿಂಗಳಿಂದ ಮಾತಾಡ್ತಾ ಇದ್ದೀಯಾ?"

ಅವನು ಕಾಲ್ಚೀಲ ತೆಗೆದು ಅದನ್ನೇ ಮಡಚತೊಡಗಿದ. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ: "ಜನರೆದುರು ಕೆಳಗೆ ಇಳಿಯುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ ಅನ್ನಾ."

ಹೋಟೆಲಿನ ಊಟ ರದ್ದು ಮಾಡಬೇಕು, ಕಾರು ವಾಪಸ್ ಕೊಡಬೇಕು, ಇಬ್ಬರ ಸಂಬಳಕ್ಕೆ ಒಗ್ಗುವ ಮನೆ ಹುಡುಕಬೇಕು ಎಂದು ಅನ್ನಾ ಖಡಾಖಂಡಿತವಾಗಿ ಹೇಳಿದಳು. ನೊರ್ಬರ್ಟ್ ಎಲ್ಲದಕ್ಕೂ ಹೂಂಗುಟ್ಟಿದ. ಬುಧವಾರದೊಳಗೆ ಹೋಟೆಲಿಗೆ ಫೋನ್ ಮಾಡುತ್ತೇನೆ ಎಂದ. ಅವಳು ನಂಬಿದಳು.

ಗುರುವಾರ ಮಧ್ಯಾಹ್ನ ಹೋಟೆಲಿನವರೇ ಅವಳಿಗೆ ಫೋನ್ ಮಾಡಿದರು. ಮೂರು ಅಂತಸ್ತಿನ ಕೇಕಿನ ಮೇಲೆ ಹೆಸರು ಯಾವ ಬಣ್ಣದಲ್ಲಿ ಬರೆಯಬೇಕು ಎಂದು ಕೇಳಲಿಕ್ಕೆ.

ಅನ್ನಾ ಕೇಕೂ ಬೇಡ, ಪಾರ್ಟಿ ಹಾಲ್ ಕೂಡ ಬೇಡ ಎಂದಳು. ಮುಂಗಡ ವಾಪಸಾಗುವುದಿಲ್ಲ ಎಂದರು. ಹೋಗಲಿ ಎಂದಳು. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು, ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದಳು. ಶುಕ್ರವಾರದ ಪಾರ್ಟಿ ಇಲ್ಲ. ನೊರ್ಬರ್ಟ್ ಈಗ ಫ್ಯಾಕ್ಟರಿಯಲ್ಲಿ ಮರದ ಕೆಲಸ ಮಾಡುತ್ತಾರೆ. ನಾವು ಸಣ್ಣ ಮನೆಗೆ ಹೋಗುತ್ತೇವೆ. ಮನೆಗೆ ಬಂದವರಿಗೆ ಚಾ ಉಂಟು.

ಬೆರಳು ಒಂದು ಗಳಿಗೆ ತಡೆಯಿತು. ಆದರೂ ಕಳಿಸಿಬಿಟ್ಟಳು.

ಆ ಸಂಜೆ ನೊರ್ಬರ್ಟ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಅದನ್ನು ನಾನೇ ಹೇಳ್ಲಿಕ್ಕಾದರೂ ಬಿಡಬಹುದಿತ್ತು ನೀನು" ಎಂದಷ್ಟೇ ಹೇಳಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡ. ಕೂಗಾಡಿದ್ದು ಹದಿನೈದು ವರ್ಷದ ಶೆರಿಲ್. "ಮಮ್ಮಾ, ಇಡೀ ಸ್ಕೂಲಿಗೆ ಗೊತ್ತಾಯ್ತು. ಡ್ಯಾಡಾ ಕಾರ್ಪೆಂಟರ್ ಅಂತ ಅಲ್ಲ, ನಾವು ಸುಳ್ಳು ಹೇಳ್ತಾ ಇದ್ದೆವು ಅಂತ" ಎಂದು ಅತ್ತಳು. ಮಗಳ ಮಾತಿನಲ್ಲಿ ತಪ್ಪಿರಲಿಲ್ಲ. ತಾನು ಮಾಡಿದ್ದರಲ್ಲೂ ತಪ್ಪಿಲ್ಲ ಎಂದು ಆ ರಾತ್ರಿ ಅನ್ನಾ ಎಷ್ಟು ಸಲ ಹೇಳಿಕೊಂಡರೂ, ಅವನು ಒಬ್ಬ ಡಾಕ್ಟರರೆದುರು ತನ್ನನ್ನು ಅಲ್ಲಗಳೆದರೆ ತಾನು ಅರವತ್ತು ಜನರೆದುರು ಅವನನ್ನು ಬೆತ್ತಲು ಮಾಡಿದೆ ಎಂಬುದು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಶುಕ್ರವಾರ ಚಾ ಕುಡಿಯಲು ಬಂದದ್ದು ಎರಡೇ ಕುಟುಂಬ. ನೊರ್ಬರ್ಟ್ ಕೋಣೆಯಿಂದ ಹೊರಗೆ ಬರಲಿಲ್ಲ.

ಮುಂದಿನ ಮೂರು ವಾರ ಅವನು ಅವಳೊಂದಿಗೆ ಮಾತಾಡಲಿಲ್ಲ. ಆದರೆ ಕಾರನ್ನು ತಾನೇ ಕೊಟ್ಟು ಬಂದ, ಕಂಪನಿಯ ವ್ಯಾನಿನಲ್ಲಿ ಕೆಲಸಕ್ಕೆ ಹೋಗತೊಡಗಿದ. ಅವಳು ಹುಡುಕಿದ ಮನೆಗೆ ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಉಪ್ಪು ಬೇಕಾದರೂ ಶೆರಿಲ್ ಮೂಲಕವೇ ಕೇಳುತ್ತಿದ್ದ. ಅನ್ನಾಳಿಗೆ ರೇಗಿ ರೇಗಿ ಸಾಕಾಯಿತು. ಸಾಮಾನು ಕಟ್ಟುವಾಗ ಒಂದು ಸಲ ಬೇಕೆಂದೇ ಅವನ ಕಾಲ ಬಳಿ ಪೆಟ್ಟಿಗೆ ಬೀಳಿಸಿದಳು. ಅವನು ಎತ್ತಿಟ್ಟು ಹೋದ.

ಮನೆ ಬದಲಿಸಿದ ದಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹೊಸ ಮನೆ ಮೂರನೆಯ ಮಹಡಿಯಲ್ಲಿ, ಎರಡು ಕೋಣೆ, ಸಪೂರ ಬಾಗಿಲು. ಸಾಮಾನು ಹೊರುವ ಇಬ್ಬರು ಪಾಕಿಸ್ತಾನಿಗಳು ಎಲ್ಲವನ್ನೂ ಒಳಗಿಟ್ಟರು. ಜೋಡಿ ಬಾಗಿಲಿನ ದೊಡ್ಡ ಫ್ರಿಜ್ಜು ಮಾತ್ರ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಅತ್ತ ತಿರುಗಿಸಿದರು, ಇತ್ತ ಓರೆ ಮಾಡಿದರು. ಅಷ್ಟರಲ್ಲಿ ಮಸೀದಿಯಿಂದ ಅಸರ್‌ನ ಬಾಂಗ್ ಕೇಳಿಸಿತು. ನಮಾಜು ಮುಗಿಸಿ ಬರುತ್ತೇವೆ ಎಂದು ಅವರು ಕೆಳಗೆ ಇಳಿದರು. ಹಿಂದಕ್ಕೆಳೆದಿಟ್ಟ ಫ್ರಿಜ್ಜು ಬಾಗಿಲ ಹೊರಗೇ ಉಳಿಯಿತು. ಒಳಗಿದ್ದ ಮೀನು ಕರಗಿ ನೀರು ತೊಟ್ಟಿಕ್ಕತೊಡಗಿತು.

"ಬಾಗಿಲು ಅಳೆಯದೆ ಮನೆ ಹಿಡಿದದ್ದು" ಎಂದ ನೊರ್ಬರ್ಟ್. ಮೂರು ವಾರದ ಮೇಲೆ ಅವಳಿಗೆ ಹೇಳಿದ ಮೊದಲ ಮಾತು ಅದು.

"ಮೂರು ಜನರಿಗೆ ಅಷ್ಟು ದೊಡ್ಡ ಫ್ರಿಜ್ಜು ತಂದವರು ಯಾರು?"

ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಮನೆ ಬಾಗಿಲನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಿದ. ಆಮೇಲೆ ಚೌಕಟ್ಟಿನ ಒಳಪಟ್ಟಿಯನ್ನು ಉಳಿಯಿಂದ ಮೆಲ್ಲನೆ ಎಬ್ಬಿಸತೊಡಗಿದ. ಒಂದು ಚೂರೂ ಬಿರಿಯದೆ ಪಟ್ಟಿ ಕಳಚಿ ಬಂತು. ಎದುರು ಮನೆಯ ಸೂಡಾನಿ ಮುದುಕ ಬಾಗಿಲು ತೆರೆದು ಅದನ್ನೇ ನೋಡುತ್ತ ನಿಂತ.

"ನಜ್ಜಾರ್?" ಎಂದು ಕೇಳಿದ. ಬಡಗಿಯಾ ಎಂದು.

ನೊರ್ಬರ್ಟ್ ಉಳಿಯನ್ನು ಕೈಯಿಂದ ಕೈಗೆ ಬದಲಿಸಿದ. ಮೆಟ್ಟಿಲ ಕಡೆ ಒಮ್ಮೆ ನೋಡಿದ.

"ಐವಾ" ಎಂದ, ಹೌದೆಂದು. "ನಜ್ಜಾರ್."

ಮುದುಕನ ಮುಖ ಬೆಳಗಿತು. ತನ್ನ ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ, ಆರು ತಿಂಗಳಿಂದ ಯಾರೂ ಸಿಗಲಿಲ್ಲ, ಒಂದು ಸಲ ಬಂದು ನೋಡಿದರೆ ಸಾಕು ಎಂದು ಬೇಡಿಕೊಂಡ. ನೊರ್ಬರ್ಟ್ ತಡಮಾಡಲೇ ಇಲ್ಲ. ಉಳಿ ಹಿಡಿದುಕೊಂಡೇ ಮುದುಕನ ಹಿಂದೆ ಒಳಗೆ ಹೋಗಿಬಿಟ್ಟ.

ಅನ್ನಾ ಬಾಗಿಲಿಲ್ಲದ ಮನೆಯ ಮುಂದೆ ನಿಂತಳು. ಮೀನಿನ ನೀರು ಅವಳ ಚಪ್ಪಲಿಯ ಹತ್ತಿರ ಬಂದಿತ್ತು.

"ನೊರ್ಬರ್ಟ್, ಮೊದಲು ನಮ್ಮದು ಮುಗಿಸು" ಎಂದು ಕರೆದಳು.

"ಬಂದೆ ಮಾರಾಯ್ತಿ" ಎಂಬ ಸ್ವರ ಒಳಗಿಂದ ಬಂತು. ಆಮೇಲೆ ಕೀಸುವ ಸದ್ದು, ಮುದುಕನ ನಗು. ಐದು ನಿಮಿಷ ಕಳೆಯಿತು. ಅವನು ಬರಲಿಲ್ಲ.

"ಈ ಮನುಷ್ಯನಿಗೆ ಬುದ್ಧಿ ಅಂತ ಉಂಟಾ?" ಎಂದು ಗೊಣಗಿ ಅನ್ನಾ ಸೆರಗು ಸಿಕ್ಕಿಸಿದಳು. ಶೆರಿಲ್ ಕಿವಿಯಿಂದ ಇಯರ್‌ಫೋನ್ ತೆಗೆದು ಕಿಸೆಗೆ ಹಾಕಿಕೊಂಡಳು. ತಾಯಿ ಮಗಳು ಇಬ್ಬರೂ ಸೇರಿ ಫ್ರಿಜ್ಜಿಗೆ ಭುಜ ಕೊಟ್ಟು, ಇಂಚು ಇಂಚಾಗಿ ಒಳಗೆ ದೂಡತೊಡಗಿದರು.