ನನ್ನ ಪಾಲಿನ ವಾರ

ಒಂದು ಕೈಗಡಿಯಾರವನ್ನು ಮೂರು ಪಾಲು ಮಾಡುವುದು ಹೇಗೆಂದು ತಿಳಿಯಬೇಕಿದ್ದರೆ ನಮ್ಮ ಚಿಕ್ಕಪ್ಪ ಬಸ್ಯೂನಿಯನ್ನು ಕೇಳಬೇಕು. ಅಪ್ಪ ತೀರಿಕೊಂಡಾಗ ಪೋರ್ಟ್ ಸೈದ್ ಬಂದರಿನ ಆ ಬಾಡಿಗೆ ಮನೆಯಲ್ಲಿ ಹಂಚಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಹಾಸಿಗೆ, ಪಾತ್ರೆ, ರೇಡಿಯೊ ಅತ್ತಿತ್ತ ಹೋದವು. ಉಳಿದದ್ದು ವಾಚು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಎನ್ನುವುದು ನಮ್ಮ ಧರ್ಮದ ಲೆಕ್ಕ. ಮಾರಿ ಹಂಚಿಕೊಳ್ಳಿ ಎಂದರೆ ನಾನೂ ಒಪ್ಪಲಿಲ್ಲ, ನನ್ನ ತಮ್ಮ ವಗ್ದಿಯೂ ಒಪ್ಪಲಿಲ್ಲ.

"ಹಾಗಾದ್ರೆ ದಿನ ಹಂಚ್ಕೊಳಿ" ಎಂದರು ಚಿಕ್ಕಪ್ಪ. "ಎರಡು ವಾರ ಅವನ ಹತ್ರ, ಒಂದು ವಾರ ಅವಾತಿಫ್, ನಿನ್ನ ಹತ್ರ. ಶುಕ್ರವಾರ ನಮಾಜ್ ಆದ್ಮೇಲೆ ಕೈ ಬದಲಾಯ್ಲಿ. ಇನ್ನು ನನ್ನ ತಲೆ ತಿನ್ಬೇಡಿ."

ಅಪ್ಪ ಹಡಗು ಓಡಾಡುವ ಕಾಲುವೆಯಲ್ಲಿ ಜನರನ್ನು ದಾಟಿಸುವ ದೋಣಿಯ ನಾವಿಕರಾಗಿದ್ದವರು. ದೋಣಿಯ ಯಜಮಾನನೆಂದು ಊರೆಲ್ಲ ರಯಿಸ್ ಮಕ್ಸೂದ್ ಎಂದೇ ಕರೆಯುತ್ತಿತ್ತು. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋದ ಮೇಲೆ ಎಡಗೈಯಲ್ಲಿದ್ದ ವಾಚಿಗೆ ಕೀ ಕೊಡುವವರು ಯಾರು? ನಾನೇ. ಬೆಳಗಿನ ನಮಾಜಾದ ಕೂಡಲೇ ಅವರ ಮಂಚದ ಪಕ್ಕ ಕುಳಿತು ಆ ಪುಟ್ಟ ತಿರುಪನ್ನು ತಿರುಗಿಸುತ್ತಿದ್ದೆ.

"ಬಿಗಿಯಾಗ್ತಾ ಬರುತ್ತೆ, ಬೆರಳಿಗೆ ಗೊತ್ತಾಗುತ್ತೆ ಮಗಳೇ" ಎಂದು ಕಲಿಸಿಕೊಟ್ಟಿದ್ದರು. "ಅದು ಸಾಕು ಅಂದ ಕೂಡ್ಲೆ ಬಿಟ್ಬಿಡು. ಮೇಲೆ ಬಲವಂತ ಮಾಡ್ಬೇಡ."

ಆಮೇಲೆ ಅವರ ಮಾತೂ ಹೋಯಿತು. ಬೆಳಿಗ್ಗೆ ಎಡಗೈ ಚಾಚುತ್ತಿದ್ದರು, ನಾನು ಕೀ ಕೊಡುತ್ತಿದ್ದೆ, ವಾಚು ಸಾಕು ಅನ್ನುತ್ತಿತ್ತು, ಅವರು ಕೈ ಹಿಂದೆಳೆದುಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಉಳಿದ ಮಾತು ಅಷ್ಟೇ. ಅವರು ಹೋದ ಮೇಲೂ ನನ್ನ ಪಾಲಿನ ವಾರದಲ್ಲಿ ಆ ಮಾತು ನಡೆದೇ ಇತ್ತು. ನನಗೆ ಬೇಕಾಗಿದ್ದುದು ಅದೊಂದೇ.

ವಗ್ದಿಗೆ ಮಾರುಕಟ್ಟೆಯಲ್ಲಿ ಮೀನಂಗಡಿ. ವಾಚು ಕಟ್ಟಿಕೊಂಡೇ ಮಂಜುಗಡ್ಡೆಗೆ ಕೈ ಹಾಕುತ್ತಿದ್ದ, ಮೀನು ತೊಳೆಯುತ್ತಿದ್ದ. ನನ್ನ ಸರದಿಗೆ ಬರುವ ಹೊತ್ತಿಗೆ ಪಟ್ಟಿಯಲ್ಲಿ ಹುರುಪೆ ಅಂಟಿರುತ್ತಿತ್ತು, ಗಾಜಿನೊಳಗೆ ಮಂಜು ಕಟ್ಟಿರುತ್ತಿತ್ತು. ಎಷ್ಟೋ ಸಲ ಮುಳ್ಳುಗಳೇ ನಿಂತಿರುತ್ತಿದ್ದವು.

"ಬಿಚ್ಚಿಟ್ಟು ಕೆಲಸ ಮಾಡೋಕೆ ಏನೋ ರೋಗ ನಿಂಗೆ?"

"ಬಂದೋರೆಲ್ಲ ಕೇಳ್ತಾರಕ್ಕ. ರಯಿಸ್ ಮಕ್ಸೂದ್ ವಾಚು ಅಂತೀನಿ. ಪೆಟ್ಟಿಗೆಲಿಟ್ರೆ ಯಾರು ಕೇಳ್ತಾರೆ?"

"ಹಾಗಾದ್ರೆ ನಂಗೇ ಕೊಟ್ಬಿಡು."

"ನಂಗೂ ಅವರು ಅಪ್ಪನೇ ಅಲ್ವಾ?"

ಅದೂ ನಿಜವೇ. ಅಪ್ಪನನ್ನು ಕೂಸಿನ ಹಾಗೆ ಎತ್ತಿ ಸ್ನಾನ ಮಾಡಿಸುತ್ತಿದ್ದವನು ಅವನೇ.

ನನ್ನ ವಾರದ ಅರ್ಧ ವಾಚು ರಿಪೇರಿಯ ಲಬೀಬನ ಅಂಗಡಿಯಲ್ಲೇ ಕಳೆಯುತ್ತಿತ್ತು. ಆ ಮುದುಕ ಬಿಚ್ಚುತ್ತಿದ್ದ, ಒಣಗಿಸುತ್ತಿದ್ದ, ಎಣ್ಣೆ ಬಿಡುತ್ತಿದ್ದ. ಉಳಿದರ್ಧ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಹತ್ತಿಯ ಮೇಲಿಟ್ಟು, ಹೊತ್ತಿಗೆ ಸರಿಯಾಗಿ ಕೀ ಕೊಟ್ಟು ನಾನು ಅದನ್ನು ದಾರಿಗೆ ತರುತ್ತಿದ್ದೆ. ಶುಕ್ರವಾರ ಮತ್ತೆ ಮೀನಿನ ನೀರಿಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಎರಡು ವಾರ ಅತ್ತೆ ಮನೆ, ಒಂದು ವಾರ ತವರು" ಎಂದು ಲಬೀಬ ನಗುತ್ತಿದ್ದ. "ತವರಲ್ಲಿ ಎಷ್ಟೇ ಎಣ್ಣೆ ತಿಕ್ಕಿದ್ರೂ ಸವೆಯೋದು ಸವೆಯುತ್ತೆ ಕಣಮ್ಮ. ಉಪ್ಪು ಒಳಗೇ ಕೂತ್ಬಿಟ್ಟಿದೆ."

ಆಮೇಲೆ ಅವನ ಕಣ್ಣಿಗೂ ಪೊರೆ ಬಂತು. ಅಂಗಡಿ ಮುಚ್ಚಿತು. ಈ ಊರಿನಲ್ಲಿ ಹಳೇ ವಾಚು ಬಿಚ್ಚಿ ಜೋಡಿಸುವವರು ಬೇರೆ ಯಾರೂ ಉಳಿದಿರಲಿಲ್ಲ. ನಾನು ನೇರ ಮಾರುಕಟ್ಟೆಗೆ ಹೋದೆ. ವಗ್ದಿಯ ಮುಂಗೈ ನೀರಿನಲ್ಲಿತ್ತು, ವಾಚೂ ನೀರಿನಲ್ಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನು ನಿಂತ್ರೆ ಮುಗೀತು ಕಣೋ. ಅಪ್ಪನ್ನ ಇನ್ನೊಂದು ಸಲ ಸಾಯಿಸ್ತಾ ಇದೀಯ ನೀನು" ಎಂದೆ, ಗಿರಾಕಿಗಳೆಲ್ಲ ಕೇಳುವಂತೆ.

ಅವನು ಕೈ ಮೇಲೆತ್ತಿ ಅಂಗಿಗೆ ಒರೆಸಿಕೊಂಡ.

ನನ್ನ ಸರದಿಯ ಶುಕ್ರವಾರ ಮನೆಗೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಹುರಿದ ಮೀನಿನ ಪೊಟ್ಟಣ. ವಾಚಿಗೆ ಹೊಸ ಪಟ್ಟಿ, ಗಾಜು ನೀರಿನಷ್ಟು ತಿಳಿ.

"ಕಿವಿಗಿಟ್ಕೊಂಡು ನೋಡಕ್ಕ. ಒಂದು ನಿಮಿಷ ಹಿಂದೆ ಬೀಳಲ್ಲ. ನೀನೇ ಇಟ್ಕೊ. ನನ್ನ ಎರಡು ಪಾಲೂ ನಿಂಗೇ. ಚಿಕ್ಕಪ್ಪಂಗೂ ಹೇಳ್ಬಿಟ್ಟಿದೀನಿ."

ನನ್ನ ಕಣ್ಣು ತುಂಬಿತು. ಅವನ ತಲೆ ಸವರಿದೆ. ಆಮೇಲೆ ವಾಚು ನೋಡಿದೆ. ಸೆಕೆಂಡಿನ ಮುಳ್ಳು ಮೊದಲಿನಂತೆ ಜಾರುತ್ತಿರಲಿಲ್ಲ. ಕುಪ್ಪಳಿಸುತ್ತಿತ್ತು.

"ಏನೋ ಮಾಡಿಸ್ದೆ ಇದಕ್ಕೆ?"

"ಒಳಗಿಂದು ತುಕ್ಕು ಹಿಡಿದು ಪೂರ್ತಿ ನಿಂತೇ ಹೋಗಿತ್ತು. ತೆಗೆಸಿ ಹೊಸಾ ಮಷೀನು ಹಾಕಿಸ್ದೆ, ಬ್ಯಾಟರಿದು. ಇನ್ಮೇಲೆ ಬೆಳಬೆಳಿಗ್ಗೆ ಎದ್ದು ಕೀ ಕೊಡೋ ತಾಪತ್ರಯ ಇಲ್ಲ ನಿಂಗೆ."

"ಹಳೇದೆಲ್ಲಿ?"

"ಮಾರುಕಟ್ಟೆ ಬಾಗಿಲಲ್ಲಿ ಹಾಕಿಸಿದ ಅಂಗಡಿಲೇ ಬಿಟ್ಟೆ. ಅದ್ಯಾಕಕ್ಕ?"

ತಲೆಗೆ ಬಟ್ಟೆ ಹೊದ್ದು ಓಡಿದೆ. ಅದು ಮೊಬೈಲ್ ಕವರು, ಚಾರ್ಜರು ಮಾರುವ ಗೂಡಂಗಡಿ. ಅಂಗಡಿಯವನು ಒಂದು ಖಾಲಿ ಡಬ್ಬಿ ಬೋರಲು ಮಾಡಿ ತೋರಿಸಿದ. "ಅಂಥವನ್ನೆಲ್ಲ ಇದಕ್ಕೆ ಹಾಕ್ತೀವಿ ತಾಯಿ. ಗುಜರಿಯವನು ಬಂದು ತೂಕಕ್ಕೆ ಒಯ್ದ. ಯಾವ ಗುಜರಿಯವನೋ, ಗಾಡಿ ತಳ್ಕೊಂಡು ಬರ್ತಾನೆ, ಹೋಗ್ತಾನೆ."

ಮನೆಗೆ ಮರಳಿದಾಗ ವಗ್ದಿ ಕುಳಿತೇ ಇದ್ದ. ಮೀನು ಆರಿತ್ತು. ನಾನಿಲ್ಲದೆ ಅವನು ಪೊಟ್ಟಣ ಬಿಚ್ಚಿರಲಿಲ್ಲ.

"ಏನಾಯ್ತಕ್ಕ? ಚೆನ್ನಾಗಿಲ್ವಾ?"

ಅವನ ಮುಖ ನೋಡಿದೆ. ಇಡೀ ಓಣಿ ನನ್ನ ನಾಲಿಗೆಗೆ ಹೆದರುತ್ತದೆ. ಅವತ್ತು ನಾನು ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟೆ.

"ಚೆನ್ನಾಗಿದೆ ಕಣೋ. ಊಟ ಮಾಡು" ಎಂದೆ.

ಮರುದಿನ ಬೆಳಗಿನ ನಮಾಜು ಮುಗಿಸಿ ಹತ್ತಿಯ ಮೇಲಿದ್ದ ವಾಚನ್ನು ಕೈಗೆತ್ತಿಕೊಂಡೆ. ಇನ್ನು ಎಲ್ಲ ವಾರಗಳೂ ನನ್ನವೇ. ಬೇಡವೆಂದು ಗೊತ್ತಿದ್ದೂ ತಿರುಪಿಗೆ ಬೆರಳು ಹಚ್ಚಿದೆ. ತಿರುಗಿತು. ಮತ್ತೆ ತಿರುಗಿಸಿದೆ, ಮತ್ತೆ ತಿರುಗಿತು, ಬಿಗಿಯಿಲ್ಲ, ತಡೆಯಿಲ್ಲ. ಕಿಟಕಿಯಲ್ಲಿ ಬೆಳಕು ಹರಿದು, ಹಾಲಿನವನು ಬಂದು ಹೋಗುವವರೆಗೂ ತಿರುಗಿಸುತ್ತಲೇ ಇದ್ದೆ. ಅದು ಒಮ್ಮೆಯೂ ಸಾಕು ಅನ್ನಲಿಲ್ಲ.